ಕತ್ತಲು ಕಾಣದ ಕೋಳಿಗಳು

ನನ್ನ ತಂಗಿಯ ಗಂಡ ತೀರಿಕೊಂಡದ್ದು ತನ್ನದೇ ಕೋಳಿ ಶೆಡ್ಡಿನೊಳಗೆ, ಮಳೆಗಾಲದ ಒಂದು ಸಂಜೆ, ಕರೆಂಟು ಹೋದ ಹೊತ್ತಿನಲ್ಲಿ. ನಾನಾಗ ಬೀದರಿನ ಆಸ್ಪತ್ರೆಯಲ್ಲಿದ್ದೆ. ಪಾಳಿ ಮುಗಿಯಲು ಇನ್ನೂ ಒಂದು ತಾಸಿತ್ತು. ಫೋನು ಮಾಡಿದ್ದು ತಂಗಿಯಲ್ಲ, ಅವಳ ಪಕ್ಕದ ಹೊಲದವರು. ಔರಾದದ ದವಾಖಾನೆಗೆ ತಂದಿದ್ದೇವೆ, ನೀವು ಬಂದುಬಿಡಿ ಎಂದಷ್ಟೇ ಹೇಳಿದರು. ಮೂವತ್ತು ವರ್ಷ ನರ್ಸ್ ಕೆಲಸ ಮಾಡಿದವಳಿಗೆ ಆ ದನಿಯ ಅರ್ಥ ತಿಳಿಯುತ್ತದೆ. ಮನುಷ್ಯ ಬದುಕಿದ್ದರೆ ಜನ ಏನಾಗಿದೆ ಎಂದು ಹೇಳುತ್ತಾರೆ. ಇಲ್ಲದಿದ್ದರೆ ಬನ್ನಿ ಎನ್ನುತ್ತಾರೆ.

ತಂಗಿಯ ಮನೆಯವರ ಹೊಲ ಇರುವುದು ಔರಾದ ತಾಲೂಕಿನ ಎಕಂಬಾದಲ್ಲಿ. ತೊಗರಿ, ಸೋಯಾ ಬೆಳೆಯುತ್ತಿದ್ದ ಮನೆ. ಹೊಲದ ಏರಿನ ಮೇಲೆ ಉದ್ದನೆಯ ಶೆಡ್ಡು ಕಟ್ಟಿಸಿ ಒಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದರು. ಕಂಪನಿಯವರು ಒಂದು ದಿನದ ಮರಿ, ಫೀಡು, ಔಷಧಿ ತಂದು ಕೊಡುತ್ತಾರೆ. ಇವರು ಆರು ವಾರ ಸಾಕಿ ಮಾಂಸಕ್ಕೆ ಬಂದ ಕೋಳಿಯನ್ನು ಲಾರಿಗೆ ಏರಿಸಬೇಕು. ತಂಗಿಯ ಗಂಡ ಈ ಕೆಲಸವನ್ನು ಭಕ್ತಿಯಿಂದ ಮಾಡುತ್ತಿದ್ದ. ಶೆಡ್ಡಿಗೆ ಹೋಗುವಾಗ ಚಪ್ಪಲಿ ಬದಲಾಯಿಸುತ್ತಿದ್ದ, ಕೈ ತೊಳೆಯುತ್ತಿದ್ದ. ದೀಪದ ವಿಷಯದಲ್ಲಂತೂ ಅವನದು ಒಂದೇ ಮಾತು: ಬೆಳಕಿದ್ದರೆ ಕೋಳಿ ತಿನ್ನುತ್ತದೆ, ತಿಂದರೆ ಬೆಳೆಯುತ್ತದೆ. ಹಗಲು ಹೇಗೂ ಸೂರ್ಯ ಇದ್ದಾನೆ. ಹೊತ್ತು ಮುಳುಗುವ ಮೊದಲೇ ಬಲ್ಬುಗಳು ಹತ್ತುತ್ತಿದ್ದವು, ಬೆಳಗಾಗುವ ತನಕ ಉರಿಯುತ್ತಿದ್ದವು. ಕರೆಂಟು ಹೋದರೆ ಚಿಕ್ಕದೊಂದು ಇನ್ವರ್ಟರ್ ಇತ್ತು. ಮರಿ ಬಂದ ದಿನದಿಂದ ಲಾರಿ ಬರುವ ದಿನದವರೆಗೆ ಆ ಕೋಳಿಗಳು ಕತ್ತಲೆಂಬುದನ್ನು ಕಾಣುತ್ತಿರಲಿಲ್ಲ. ಸುತ್ತಲಿನ ಶೆಡ್ಡಿನವರೂ ಹಾಗೇ ಮಾಡುತ್ತಿದ್ದರು. ಅದರಲ್ಲಿ ತಪ್ಪೇನಾದರೂ ಇದ್ದೀತು ಎಂದು ಯಾರಿಗೂ ಹೊಳೆದಿರಲಿಲ್ಲ.

ಆ ಸಂಜೆ ನಡೆದದ್ದನ್ನು ತಂಗಿ ನನಗೆ ಒಂದೇ ಸಲ ಹೇಳಲಿಲ್ಲ. ತಿಂಗಳುಗಟ್ಟಲೆ, ತುಂಡು ತುಂಡಾಗಿ ಹೇಳಿದಳು. ಗಾಳಿ ಮಳೆ ಎದ್ದಿತ್ತು. ಶೆಡ್ಡಿನ ಪರದೆಗಳನ್ನೆಲ್ಲ ಇಳಿಸಿ ಕಟ್ಟಿದ್ದರು. ಇವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕರೆಂಟು ಹೋಯಿತು. ಇನ್ವರ್ಟರೂ ಹಿಡಿಯಲಿಲ್ಲ. ಮರುಗಳಿಗೆಯಲ್ಲೇ ಶೆಡ್ಡಿನ ಕಡೆಯಿಂದ ಒಂದು ಸದ್ದು ಎದ್ದಿತು. ಕೋಳಿಗಳ ಕೂಗು ಎನ್ನುವುದಕ್ಕಿಂತ ಏನೋ ಕುಸಿದು ಬೀಳುತ್ತಿರುವ ಸದ್ದು. ಅವನು ಬ್ಯಾಟರಿ ಹಿಡಿದು ಓಡಿದ. ಐದು ವಾರದ ಕೋಳಿಗಳೆಲ್ಲ ಹೆದರಿ ಒಂದು ಮೂಲೆಗೆ ನುಗ್ಗಿ, ಒಂದರ ಮೇಲೊಂದು ಏರಿ, ಸೊಂಟದೆತ್ತರ ರಾಶಿಯಾಗಿದ್ದವು. ಕೆಳಗಿನವು ಉಸಿರುಕಟ್ಟಿ ಸಾಯುತ್ತಿದ್ದವು. ಅವನು ಎರಡೂ ಕೈಯಿಂದ ಮೇಲಿನವನ್ನು ಎತ್ತಿ ಹಿಂದಕ್ಕೆ ಒಗೆಯತೊಡಗಿದ. ಒಗೆದವು ಮತ್ತೆ ಅಲ್ಲಿಗೇ ನುಗ್ಗುತ್ತಿದ್ದವು. ತಂಗಿ ಕಂದೀಲು ಹಚ್ಚಿಕೊಂಡು ಬರುವಷ್ಟರಲ್ಲಿ ಅವನು ಮೂಲೆಯ ಗೋಡೆಗೆ ಒರಗಿ ಕೂತಿದ್ದ, ಎದೆಯ ಮೇಲೆ ಕೈ ಇಟ್ಟುಕೊಂಡು. ಅವಳನ್ನು ನೋಡಿ ಏನೋ ಹೇಳಲು ಹೋದ. ಏನೆಂದು ಅವಳಿಗೆ ತಿಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಶೆಡ್ಡು ಮುಚ್ಚಿಬಿಡು ಎಂದರು. ಚರ್ಚಿನ ಪಾಸ್ಟರ್ ಕೂಡ ಹಾಗೇ ಹೇಳಿದರು. ತಂಗಿ ಮಾತ್ರ ಎರಡು ತಿಂಗಳಿಗೆ ಶೆಡ್ಡು ತೊಳೆಸಿ, ಸುಣ್ಣ ಬಳಿಸಿ, ಹೊಸ ಭತ್ತದ ಹೊಟ್ಟು ಹಾಸಿ, ಕಂಪನಿಗೆ ಹೇಳಿಕಳಿಸಿ ಮರಿ ತರಿಸಿದಳು. ನಾನು ಅದೇ ಸುಮಾರಿಗೆ ನಿವೃತ್ತಳಾದೆ. ನನಗೆ ಮದುವೆಯಿಲ್ಲ, ಬೀದರಿನ ಮನೆಯಲ್ಲಿ ಕಾಯುವವರಿಲ್ಲ. ಎರಡು ಸೀರೆಯ ಗಂಟು ಕಟ್ಟಿಕೊಂಡು ಔರಾದದ ಬಸ್ಸು ಹತ್ತಿದೆ. ಒಂದು ವಾರ ಇದ್ದು ಬರೋಣ ಎಂದು ಹೋದವಳು ವರ್ಷದ ಮೇಲೆ ಇದ್ದೆ.

ಹೋದ ದಿನವೇ ಶೆಡ್ಡು ನೋಡಿದೆ. ಕಣ್ಣು ಕುಕ್ಕಿತು. ಮೊದಲಿದ್ದ ಬಲ್ಬುಗಳ ನಡುನಡುವೆ ಇನ್ನಷ್ಟು ಬಿಳಿ ಬಲ್ಬು ಹಾಕಿಸಿದ್ದಳು. ಕರೆಂಟು ಹೋದರೂ ಆರಬಾರದೆಂದು ದೊಡ್ಡ ಬ್ಯಾಟರಿಯ ಇನ್ವರ್ಟರ್ ಕೂರಿಸಿದ್ದಳು. ಅದೂ ಕೈಕೊಟ್ಟರೆ ಎಂದು ಬಾಗಿಲಲ್ಲಿ ಎರಡು ಕಂದೀಲು ಎಣ್ಣೆ ತುಂಬಿ ಸಿದ್ಧವಾಗಿದ್ದವು. ಹಗಲು ಮೋಡ ಕವಿದರೂ ಸ್ವಿಚ್ಚು ಹಾಕುತ್ತಿದ್ದಳು. ಅವಳು ಬೆಳಕು ಕೊಡುತ್ತಿದ್ದದ್ದು ಕೋಳಿಗಲ್ಲ ಎಂಬುದು ನೋಡಿದವರಿಗೆ ಗೊತ್ತಾಗುವಂತಿತ್ತು.

ಮರಿಗಳು ಮೊದಲು ಚೆನ್ನಾಗಿಯೇ ಬೆಳೆದವು. ಮೂರನೆಯ ವಾರಕ್ಕೆ ಬಂದ ಕಂಪನಿಯ ಸೂಪರ್‌ವೈಜರ್ ತೂಕ ನೋಡಿ ಶಾಬಾಸ್ ಎಂದು ಹೋದ. ನಾಲ್ಕನೆಯ ವಾರದಲ್ಲಿ ಕಾಲಿನ ತೊಂದರೆ ಶುರುವಾಯಿತು. ಮೊದಲೂ ಒಂದೆರಡಕ್ಕೆ ಹಾಗಾಗುತ್ತಿತ್ತಂತೆ, ಈ ಸಲ ಬಹಳ. ಒಂದೊಂದು ಕೋಳಿ ಎರಡು ಹೆಜ್ಜೆ ಇಟ್ಟು ಕೂತುಬಿಡುವುದು. ಎಬ್ಬಿಸಿದರೆ ಕಾಲು ಹೊರಕ್ಕೆ ಬಾಗಿ, ಎದೆಯ ಮೇಲೆ ಬೀಳುವುದು. ಫೀಡಿನ ತಟ್ಟೆ ಗೇಣು ದೂರದಲ್ಲಿದ್ದರೂ ಅಲ್ಲಿಗೆ ಮುಟ್ಟಲಾಗದೆ ನೋಡುತ್ತಾ ಕೂರುವುದು. ಇನ್ನು ಕೆಲವು ಬಲವಾದವು, ಎಲ್ಲಕ್ಕಿಂತ ದಪ್ಪನೆಯವು, ಇದ್ದಕ್ಕಿದ್ದಂತೆ ರೆಕ್ಕೆ ಬಡಿದು ಬೆನ್ನ ಮೇಲೆ ಬಿದ್ದು ಸಾಯುತ್ತಿದ್ದವು. ದಿನಾ ಬೆಳಿಗ್ಗೆ ತಂಗಿ ಬುಟ್ಟಿ ಹಿಡಿದು ಸತ್ತವನ್ನು ಆರಿಸುತ್ತಿದ್ದಳು. ಹೊಲದ ಮೂಲೆಯ ಗುಂಡಿಗೆ ಹಾಕಿ ಸುಣ್ಣ ಚೆಲ್ಲುತ್ತಿದ್ದಳು. ಫೀಡು ಕೆಟ್ಟಿದೆ ಎಂದಳು, ನೀರು ಕೆಟ್ಟಿದೆ ಎಂದಳು. ಸೂಪರ್‌ವೈಜರ್ ಬಂದು ನೀರಿಗೆ ಏನೋ ಔಷಧಿ ಹಾಕಲು ಹೇಳಿ ಹೋದ. ಗುಣವಾಗಲಿಲ್ಲ.

ಭಾಲ್ಕಿಯಲ್ಲಿ ನನಗೊಬ್ಬರು ಪಶುವೈದ್ಯರ ಪರಿಚಯವಿತ್ತು. ನಾನು ಅಲ್ಲಿ ಕೆಲಸದಲ್ಲಿದ್ದಾಗ ಅವರ ಹೆಂಡತಿಯ ಎರಡೂ ಹೆರಿಗೆ ಮಾಡಿಸಿದವಳು ನಾನೇ. ಈಗ ಅವರೂ ನಿವೃತ್ತರು. ಅವರಿಗೆ ತೋರಿಸೋಣ ಎಂದೆ. ತಂಗಿ ಶೆಡ್ಡು ಬಿಟ್ಟು ಬರಲು ಒಪ್ಪಲಿಲ್ಲ. ಪಕ್ಕದ ಹೊಲದವರು ಮನೆಮಂದಿಯೆಲ್ಲ ಬಂದು ಕೂರುತ್ತೇವೆ ಎಂದ ಮೇಲೆ ಹೊರಟಳು. ನಡೆಯಲಾರದ ಎರಡು ಕೋಳಿಗಳನ್ನು ಬಿದಿರು ಬುಟ್ಟಿಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿ, ಬಸ್ಸು ಹತ್ತಿದೆವು. ಔರಾದದಲ್ಲಿ ಬಸ್ಸು ಬದಲಾಯಿಸಬೇಕು. ಕಂಡಕ್ಟರ್ ಕೋಳಿಗೂ ಟಿಕೆಟ್ ಹರಿದ. ದಾರಿಯುದ್ದಕ್ಕೂ ತಂಗಿ ಬಟ್ಟೆಯ ಅಂಚು ಎತ್ತಿ ಎತ್ತಿ ನೋಡುತ್ತಿದ್ದಳು. ಅವು ಸತ್ತಿರಬಹುದೆಂಬ ಅಂಜಿಕೆ ಅವಳಿಗೆ. ಅವು ಕಣ್ಣು ಮುಚ್ಚಿ ಮಲಗಿದ್ದವು. ಶೆಡ್ಡಿನಲ್ಲಿ ಒಂದು ದಿನವೂ ಹಾಗೆ ಮಲಗಿದ್ದನ್ನು ನಾನು ನೋಡಿರಲಿಲ್ಲ.

ಡಾಕ್ಟರು ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ಕೋಳಿಯ ಕಾಲನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಫೀಡಿನ ಬಗ್ಗೆ ಕೇಳಿದರು, ನೀರಿನ ಬಗ್ಗೆ ಕೇಳಿದರು. ಆಮೇಲೆ, ಲೈಟು ಎಷ್ಟು ತಾಸು ಆರಿಸುತ್ತೀರಿ ಎಂದರು. ತಂಗಿ, ಆರಿಸುವುದೇ ಇಲ್ಲ ಎಂದಳು. ಹೆಮ್ಮೆಯಿಂದಲೇ ಅಂದಳು.

"ಅದೇ ತ್ರಾಸ ನೋಡ್ರಿ," ಅಂದರು ಡಾಕ್ಟರು. "ಹಗಲೂ ರಾತ್ರಿ ಬೆಳಕ ಇದ್ರ ಅದು ತಿಂತಾನೇ ಇರ್ತದ. ಮಾಂಸ ಓಡ್ತದ, ಎಲುಬು ಹಿಂದ ಉಳೀತದ. ಎದಿ ಗುಂಡಿಗಿನೂ ಹಿಂದ ಉಳೀತದ. ನಿದ್ದಿ ಮಾಡಿದಾಗೇ ಎಲುಬು ಗಟ್ಟಿ ಆಗೂದು, ಮನಷಾರಿಗೆ ಹ್ಯಾಂಗೋ ಹಂಗೇ."

ಮೊದಲ ವಾರ ಮರಿಗಳಿಗೆ ಫೀಡು, ನೀರು ಎಲ್ಲಿದೆ ಎಂದು ಕಾಣಬೇಕಾದ್ದರಿಂದ ಚೆನ್ನಾಗಿ ಬೆಳಕು ಬೇಕು ಎಂದು ವಿವರಿಸಿದರು. ಆಮೇಲೆ ಬೆಳಕಿನ ಜೋರು ಕಡಿಮೆ ಮಾಡಬೇಕು, ಸ್ವಲ್ಪ ಸ್ವಲ್ಪವೇ ಕತ್ತಲು ರೂಢಿ ಮಾಡಿಸಬೇಕು, ರಾತ್ರಿ ನಾಲ್ಕೈದು ತಾಸು ಪೂರ್ತಿ ಆರಿಸಬೇಕು. ಮೊದಮೊದಲು ತೂಕ ಹಿಂದೆ ಬಿದ್ದಂತೆ ಕಾಣುತ್ತದೆ, ಆದರೆ ಕೊನೆಯ ಎರಡು ವಾರದಲ್ಲಿ ಕೂಡಿಸಿಕೊಂಡುಬಿಡುತ್ತವೆ ಎಂದರು. ತಂಗಿ ಸುಮ್ಮನೆ ಕೇಳುತ್ತಿದ್ದವಳು, ಕತ್ತಲು ಮಾಡಿದರೆ ಹೆದರಿ ರಾಶಿ ಬಿದ್ದು ಸಾಯುವುದಿಲ್ಲವೇ ಎಂದು ಕೇಳಿದಳು. ಅವಳ ಮನೆಯಲ್ಲಿ ಏನಾಗಿದೆ ಎಂಬುದು ಡಾಕ್ಟರಿಗೆ ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ. ಅವರು ಸಹಜವಾಗಿ ಹೇಳಿಬಿಟ್ಟರು:

"ಕತ್ತಲ ನೋಡಿದ ಕೋಳಿ ಯಾಕ ಅಂಜತದರಿ? ಒಂದ ದಿನಾನೂ ಕತ್ತಲ ನೋಡಲಾರದ್ದೇ ಅಂಜೂದು. ಕರೆಂಟ್ ಹೋತಂದ್ರ ಅವಕ್ಕ ದುನಿಯಾನೇ ಹೋದಂಗ ಆಗ್ತದ."

ನಾನು ತಂಗಿಯ ಮುಖ ನೋಡಲಿಲ್ಲ. ನೋಡುವ ಧೈರ್ಯ ಬರಲಿಲ್ಲ. ಡಾಕ್ಟರ ಹೆಂಡತಿ ಚಹಾ ತಂದರು. ತಂಗಿ ಕಪ್ಪು ಕೈಗೆ ತೆಗೆದುಕೊಂಡು ತುಸು ಹೊತ್ತು ಹಿಡಿದಿದ್ದು ಹಾಗೇ ಕೆಳಗಿಟ್ಟಳು.

ತಂಗಿ ಮನೆಗೆ ಬಂದು ಕೋಳಿಗಳಿಗೆ ನೀರು ಕೊಟ್ಟಳು, ಹೊಟ್ಟು ಕೆದರಿದಳು, ಎಮ್ಮೆ ಹಿಂಡಿದಳು. ಮಾರನೆಯ ದಿನ ಮಧ್ಯಾಹ್ನ ಬಾವಿಕಟ್ಟೆಯ ಮೇಲೆ ಇಬ್ಬರೂ ತೊಗರಿ ಕೇರುತ್ತಿದ್ದೆವು. ಮೊರ ಕೆಳಗಿಟ್ಟು ಹೇಳಿದಳು:

"ಕತ್ತಲ ಅವರನ್ನ ಒಯ್ತು ಅಂತ ಅನ್ಕೊಂಡಿದ್ದೆ ಅಕ್ಕಾ. ಕತ್ತಲ ಒಯ್ದಿಲ್ಲ. ನಾವೇ ಅವಕ್ಕ ಕತ್ತಲ ತೋರಿಸಿರಲಿಲ್ಲ."

ಅವಳ ಗಂಡನ ಎದೆಯ ವಿಷಯ ನನಗೆ ಮೊದಲೇ ಗೊತ್ತಿತ್ತು. ಇದನ್ನು ಬರೆಯುವುದು ಈಗಲೂ ಕಷ್ಟ. ಸಾಯುವುದಕ್ಕೆ ಹದಿನೈದು ದಿನ ಮೊದಲು ಅವನು ನನಗೆ ಫೋನು ಮಾಡಿದ್ದ. ಅಕ್ಕೋರ, ಫೀಡಿನ ಚೀಲ ಹೊತ್ತು ಏರು ಹತ್ತಿದರೆ ಎದೆ ಹಿಡಿದಂತಾಗುತ್ತದೆ, ಎಡಗೈ ಜೋಮು ಬರುತ್ತದೆ ಎಂದಿದ್ದ. ನಾನು ಕೂಡಲೇ ಬೀದರಿಗೆ ಬಾ, ಇ.ಸಿ.ಜಿ. ಮಾಡಿಸೋಣ ಎಂದೆ. ಈ ಬ್ಯಾಚು ಹೋಗಲಿ, ಬರುತ್ತೇನೆ ಎಂದ. ಅವಳಿಗೆ ಹೇಳಬೇಡಿ, ಸುಮ್ಮನೆ ಚಿಂತೆ ಮಾಡುತ್ತಾಳೆ ಎಂದೂ ಹೇಳಿದ. ನಾನು ಸರಿ ಎಂದೆ. ಎಷ್ಟೋ ಜನರ ಎದೆನೋವಿಗೆ ರಾತ್ರಿಯಿಡೀ ಕೂತು ಕಾದವಳು, ನನ್ನ ತಂಗಿಯ ಗಂಡನ ಎದೆನೋವನ್ನು ಒಂದು ಫೋನಿನಲ್ಲಿ ಮುಗಿಸಿದ್ದೆ.

ಇದನ್ನು ಬಾವಿಕಟ್ಟೆಯ ಮೇಲೆ ಅವಳಿಗೆ ಹೇಳಿದೆ. ಅವಳ ಮೇಲಿನ ಭಾರ ಇಳಿಸಲೆಂದು ಹೇಳಿದೆನೋ, ನನ್ನ ಭಾರ ಇಳಿಸಿಕೊಳ್ಳಲು ಹೇಳಿದೆನೋ, ಗೊತ್ತಿಲ್ಲ. ಕೋಳಿ ರಾಶಿ ಬೀಳದಿದ್ದರೂ ಆ ಎದೆ ಇನ್ನೆಲ್ಲೋ ಕೈಕೊಡುತ್ತಿತ್ತು ಎಂದೆ.

"ನನಗ ಯಾಕ ಹೇಳಲಿಲ್ಲ ನೀ?" ಅಂದಳು.

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಆ ದಿನ ನನ್ನನ್ನು ಊಟಕ್ಕೆ ಕರೆಯಲಿಲ್ಲ. ನಾನು ಗಂಟು ಕಟ್ಟಿಟ್ಟುಕೊಂಡೆ, ಬೆಳಿಗ್ಗೆಯ ಬಸ್ಸಿಗೆ ಬೀದರಿಗೆ ಹೊರಡುವುದೆಂದು. ಬೆಳಿಗ್ಗೆ ಎದ್ದಾಗ ಚಹಾ ನನ್ನ ಮುಂದಿತ್ತು. ಗಂಟನ್ನು ಅವಳೇ ಬಿಚ್ಚಿ ಸೀರೆಗಳನ್ನು ಹಗ್ಗದ ಮೇಲೆ ಹಾಕಿದ್ದಳು. ಆ ವಿಷಯ ನಾವು ಮತ್ತೆ ಎತ್ತಿಲ್ಲ. ಕ್ಷಮಿಸಿದಳೋ ಇಲ್ಲವೋ ಕೇಳಿಲ್ಲ. ಇದ್ದುಕೊಂಡೆ, ಅಷ್ಟೇ.

ಆ ಬ್ಯಾಚಿನ ಉಳಿದ ಕೋಳಿಗಳು ಹೇಗೋ ಲಾರಿ ಏರಿದವು. ಮುಂದಿನ ಮರಿಗಳು ಬರುವ ಮೊದಲು ತಂಗಿ ಔರಾದಕ್ಕೆ ಹೋಗಿ ಕಡಿಮೆ ಬೆಳಕಿನ ಬಲ್ಬುಗಳನ್ನು ತಂದಳು. ಹಳೆಯ ಬಲ್ಬುಗಳ ಸಾಲನ್ನು ಬೇರೆ ಸ್ವಿಚ್ಚಿಗೆ, ಹೊಸದನ್ನು ಬೇರೆ ಸ್ವಿಚ್ಚಿಗೆ ಹಾಕಿಸಿದಳು. ಡಾಕ್ಟರು ಹೇಳಿದ್ದನ್ನೆಲ್ಲ ಕ್ಯಾಲೆಂಡರಿನ ಹಿಂದೆ ನನ್ನಿಂದ ಬರೆಸಿ ಗೋಡೆಗೆ ಹಾಕಿದಳು. ಮೊದಲ ವಾರ ಜೋರು ಬೆಳಕು. ಮರಿಗಳು ನೀರು ಕಂಡುಕೊಂಡವು, ಫೀಡು ಕಂಡುಕೊಂಡವು. ಎಂಟನೆಯ ದಿನ ಸಂಜೆ, ಊಟಕ್ಕೆ ಮುಂಚೆ, ಅರ್ಧ ತಾಸು ಕತ್ತಲು ಮಾಡಬೇಕಿತ್ತು.

ಇಬ್ಬರೂ ಶೆಡ್ಡಿನ ಬಾಗಿಲಿಗೆ ಹೋದೆವು. ಅವಳು ಸ್ವಿಚ್ಚಿನ ಮೇಲೆ ಬೆರಳಿಟ್ಟಳು, ತೆಗೆದಳು. ಮತ್ತೆ ಇಟ್ಟಳು. "ನನ್ನ ಕೈಲೆ ಆಗಲ್ಲಕ್ಕಾ, ನೀ ಒತ್ತು" ಅಂದಳು. ನಾನು ಮೊದಲು ಜೋರು ಬಲ್ಬುಗಳ ಸಾಲು ಆರಿಸಿದೆ. ಮಂದ ಬೆಳಕು ಉಳಿಯಿತು. ಸ್ವಲ್ಪ ಹೊತ್ತು ಬಿಟ್ಟು ಅದನ್ನೂ ಆರಿಸಿದೆ. ಮರಿಗಳೆಲ್ಲ ಒಮ್ಮೆಲೇ ಚೀರಿದವು. ತಂಗಿಯ ಉಗುರು ನನ್ನ ತೋಳಿನಲ್ಲಿ ಊರಿತು. ಹಾಕು, ಲೈಟು ಹಾಕು ಎಂದು ಅವಳು ಅನ್ನಲಿಲ್ಲ. ನಾನು ಹಾಗನ್ನುವುದನ್ನೇ ಕಾಯುತ್ತಿದ್ದೆ, ಅಂದಿದ್ದರೆ ಹಾಕಿಬಿಡುತ್ತಿದ್ದೆ. ಚೀರಾಟ ಗುಸುಗುಸು ಆಯಿತು. ಗುಸುಗುಸು ಕಡಿಮೆಯಾಗುತ್ತ ಬಂದು ನಿಂತಿತು. ಅಷ್ಟು ಮರಿಗಳಿದ್ದ ಜಾಗದಲ್ಲಿ ಆ ಮೌನ ಒಳ್ಳೆಯದೋ ಕೆಟ್ಟದ್ದೋ ನಮಗೆ ತಿಳಿಯಲಿಲ್ಲ. ತಂಗಿ ನನ್ನ ತೋಳು ಬಿಟ್ಟು ಒಳಗೆ ಹೋದಳು. ಬಗ್ಗಿ, ಕೈಯಾಡಿಸುತ್ತ, ಮಲಗಿದ ಕೂಸನ್ನು ತಡಕುವಂತೆ ನೆಲ ತಡಕುತ್ತ ನಡೆದಳು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಿ ಬರುವ ತನಕ ನಾನು ಬಾಗಿಲಲ್ಲೇ ನಿಂತಿದ್ದೆ.

"ಕುಂತಾವಕ್ಕಾ," ಅಂದಳು ಒಳಗಿನಿಂದಲೇ. "ಎಲ್ಲಾ ಬಿಡಿ ಬಿಡಿಯಾಗಿ ಕುಂತಾವ. ಮೈ ಬೆಚ್ಚಗ ಅದ."

ದಿನಕ್ಕಿಷ್ಟು ಎಂದು ಕತ್ತಲು ಹೆಚ್ಚಿಸುತ್ತ ಹೋದೆವು. ಮೂರನೆಯ ವಾರ ಸೂಪರ್‌ವೈಜರ್ ಬಂದ. ತೂಕ ಹಾಕಿ ಮುಖ ಗಂಟಿಕ್ಕಿದ. ಹಿಂದಿನ ಬ್ಯಾಚಿಗಿಂತ ಕಡಿಮೆ ಇತ್ತು. ಲೈಟು ಆರಿಸುತ್ತಿರುವುದು ತಿಳಿದು ಇನ್ನೂ ಸಿಟ್ಟಾದ. ಕೋಳಿ ಮಲಗಿಸಲು ಕಂಪನಿ ಮರಿ ಕೊಟ್ಟಿಲ್ಲ ಎಂದ. ತಂಗಿ ಕೈಕಟ್ಟಿ ನಿಂತು ಎಲ್ಲ ಕೇಳಿಸಿಕೊಂಡಳು. ಆಮೇಲೆ, ಇನ್ನು ಮೂರು ವಾರ ನೋಡಿ ಆಮೇಲೆ ಮಾತಾಡಿ ಎಂದಳು. ಅವನು ಹೋದ ಮೇಲೆ ಅವಳ ಧೈರ್ಯ ಕುಸಿಯಿತು. ಎರಡು ದಿನ ಸಂಜೆಯಾದರೆ ಸ್ವಿಚ್ಚಿನ ಮುಂದೆ ನಿಂತು ಯೋಚಿಸುತ್ತಿದ್ದಳು. ಆದರೆ ಕತ್ತಲ ಹೊತ್ತಿನಲ್ಲಿ ಲೈಟು ಹಾಕಲಿಲ್ಲ.

ಐದನೆಯ ವಾರಕ್ಕೆ ಕೋಳಿಗಳು ನೋಡನೋಡುತ್ತ ತುಂಬಿಕೊಂಡವು. ನಾವು ಬೆಳಿಗ್ಗೆ ಪರದೆ ಎತ್ತಿದರೆ ಎಲ್ಲವೂ ಒಟ್ಟಿಗೆ ಎದ್ದು, ರೆಕ್ಕೆ ಜಾಡಿಸಿ, ಫೀಡಿನ ಕಡೆ ನಡೆಯುತ್ತಿದ್ದವು. ನಡೆಯುತ್ತಿದ್ದವು ಎಂಬುದನ್ನೇ ತಂಗಿ ನಿಂತು ನೋಡುತ್ತಿದ್ದಳು. ಹಿಂದಿನ ಸಲ ಬುಟ್ಟಿ ತುಂಬುತ್ತಿದ್ದ ಕೆಲಸ ಈ ಸಲ ಎಷ್ಟೋ ದಿನ ಖಾಲಿ ಬುಟ್ಟಿಯಲ್ಲೇ ಮುಗಿಯುತ್ತಿತ್ತು. ಒಂದು ಸಂಜೆ ಕರೆಂಟು ಹೋಯಿತು, ಇನ್ವರ್ಟರ್ ಹಿಡಿಯಲಿಲ್ಲ. ನಾವಿಬ್ಬರೂ ಬರಿಗಾಲಲ್ಲಿ ಓಡಿದೆವು. ಒಳಗೆ ಒಂದೆರಡು ಕೋಳಿ ಗೊಣಗಿದವು. ಉಳಿದವು ಕೂತಲ್ಲೇ ಕೂತಿದ್ದವು.

ಲಾರಿ ಬಂದ ದಿನ ಸೂಪರ್‌ವೈಜರ್ ತೂಕದ ಕಾಟಾ ಎರಡು ಸಲ ನೋಡಿದ. ಹಿಂದಿನದಕ್ಕಿಂತ ಕಡಿಮೆ ಇರಲಿಲ್ಲ, ತಿಂದ ಫೀಡು ಮಾತ್ರ ಕಡಿಮೆ. ಅವನು ಒಳ್ಳೆಯ ಹುಡುಗ. ನಾನು ಅಂದದ್ದು ತಪ್ಪಾಯಿತು ತಾಯಿ ಎಂದು ತಂಗಿಗೆ ಕೈಮುಗಿದ. ಲಾರಿ ಹೋಯಿತು. ನಾನು ಖುಷಿಯಲ್ಲಿ ಸಜ್ಜಕ ಮಾಡಲು ಬೆಲ್ಲ ಕುಟ್ಟುತ್ತಿದ್ದೆ. ತಂಗಿ ಬರಲಿಲ್ಲ. ಹುಡುಕಿಕೊಂಡು ಹೋದರೆ ಖಾಲಿ ಶೆಡ್ಡಿನ ಮೂಲೆಯಲ್ಲಿ, ಅವನು ಕೂತಿದ್ದ ಗೋಡೆಗೇ ಒರಗಿ ಕೂತಿದ್ದಳು. ಮಣ್ಣು ಮಾಡಿದ ದಿನ ಕೂಡ ಅವಳು ಹಾಗೆ ಅತ್ತಿರಲಿಲ್ಲ.

"ಇಷ್ಟೇ ಇತ್ತಕ್ಕಾ," ಅಂದಳು. "ಒಂದ ಗುಂಡಿ ಒತ್ತೂದು. ಇಷ್ಟೇ ಇತ್ತು."

ಆಸ್ಪತ್ರೆಯಲ್ಲಿ ನಾನು ಅನೇಕರಿಗೆ ಸಮಾಧಾನ ಹೇಳಿದ್ದೇನೆ. ಆಯುಷ್ಯ ಅಷ್ಟೇ ಇತ್ತು, ದೇವರ ಚಿತ್ತ, ಯಾರ ತಪ್ಪೂ ಅಲ್ಲ. ಅವತ್ತು ಅದ್ಯಾವುದೂ ನನ್ನ ಬಾಯಿಗೆ ಬರಲಿಲ್ಲ. ಎಲ್ಲ ಚೆನ್ನಾಗಿ ಆದದ್ದೇ ಅವಳನ್ನು ಅಳಿಸುತ್ತಿತ್ತು. ಕೋಳಿಗಳು ಸತ್ತಿದ್ದರೆ ಕತ್ತಲನ್ನೇ ಬೈದುಕೊಂಡು ಇರಬಹುದಿತ್ತು. ಹೊಟ್ಟಿನ ಮೇಲೆ ಅವಳ ಪಕ್ಕ ಕೂತೆ. ಹೊರಗೆ ಬೆಲ್ಲಕ್ಕೆ ಇರುವೆ ಮುತ್ತಿತು. ಸಜ್ಜಕ ಅವತ್ತು ಆಗಲಿಲ್ಲ.

ಆಮೇಲೆ ಎಷ್ಟೋ ಬ್ಯಾಚು ಹೋಗಿವೆ. ನಾನು ಬೀದರಿಗೆ ಮರಳಿದ್ದೇನೆ, ತಿಂಗಳಿಗೊಮ್ಮೆ ಎಕಂಬಾಕ್ಕೆ ಹೋಗುತ್ತೇನೆ. ಹೋದ ಚಳಿಗಾಲದಲ್ಲಿ ನಮ್ಮ ಚರ್ಚಿಗೆ ಬರುವ ಕಮಠಾಣದ ಒಬ್ಬ ಹೆಣ್ಣುಮಗಳು ತಾವೂ ಶೆಡ್ಡು ಹಾಕಿರುವುದಾಗಿ ಹೇಳಿದಳು. ಮೊದಲ ಬ್ಯಾಚಿನಲ್ಲಿ ಕಾಲು ಹೋಗಿ ಬಹಳ ಸತ್ತವಂತೆ. ತಂಗಿಗೆ ಫೋನಿನಲ್ಲಿ ತಿಳಿಸಿದೆ. ಅವಳು ಮರುದಿನವೇ ಬಂದಳು. ಇಬ್ಬರೂ ಕಮಠಾಣಕ್ಕೆ ಹೋದೆವು. ಆ ಹೆಣ್ಣುಮಗಳ ಗಂಡನಿಗೆ ನಂಬಿಕೆ ಬರಲಿಲ್ಲ. ಲೈಟು ಆರಿಸಿದರೆ ಕೋಳಿ ಹೆದರುತ್ತವೆ, ನಷ್ಟವಾದರೆ ಯಾರು ಹೊಣೆ ಎಂದ. ಆಗ ತಂಗಿ ತನ್ನ ಮನೆಯಲ್ಲಿ ನಡೆದದ್ದನ್ನು ಹೇಳಿದಳು. ಪರರ ಮುಂದೆ ಅವಳು ಅದನ್ನು ಹೇಳಿದ್ದು ಅದೇ ಮೊದಲು. ನನ್ನ ಮುಂದೆ ತುಂಡು ತುಂಡಾಗಿ ಬಂದದ್ದು ಅಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಬಂತು. ಹೆಂಡತಿ, ಮೊದಲ ದಿನ ಎಷ್ಟು ಹೊತ್ತು ಆರಿಸಬೇಕು ಎಂದು ಕೇಳಿದಳು.

"ಅರ್ಧ ತಾಸು ಸಾಕ್ರಿ," ಅಂದಳು ತಂಗಿ. "ಬಾಗಲದಾಗೇ ನಿಂದರ್ರಿ. ಅಂಜಿಕಿ ಬರ್ತದ, ನಿಮಗ. ಅವಕ್ಕ ಅಲ್ಲ."

ಅವರ ಎರಡನೆಯ ಬ್ಯಾಚಿನ ಮರಿಗಳಿಗೆ ಆಗ ಐದು ದಿನ. ಎಂಟನೆಯ ದಿನಕ್ಕೆ ತಾನೇ ಬಂದು ಜೊತೆಗೆ ನಿಲ್ಲುವುದಾಗಿ ತಂಗಿ ಹೇಳಿದಳು. ಎಕಂಬಾದಿಂದ ಎರಡು ಬಸ್ಸು ಬದಲಾಯಿಸಿ, ಹೋದಳು ಕೂಡ.